ಮೋತಿಯ ಒದ್ದೆ ಕಾಲು, ನನ್ನ ಹೊಟ್ಟೆಕಿಚ್ಚು

ಅರಿಶಿನಕ್ಕೆ ಬಗ್ಗದ ಕಾಯಿಲೆ ಈ ಭೂಮಿಯ ಮೇಲಿಲ್ಲ ಎಂಬುದು ನಮ್ಮ ಮನೆತನದ ನಂಬಿಕೆ. ಅಜ್ಜನ ಕಾಲದಿಂದ ಸಾಂಗ್ಲಿ ಪೇಟೆಯಲ್ಲಿ ಅರಿಶಿನ ಮಾರಿ ಬದುಕಿದವರು ಬೇರೆ ಏನನ್ನು ನಂಬಬೇಕು ಹೇಳಿ? ಬೆರಳು ಕೊಯ್ದರೆ ಅರಿಶಿನ, ಕೆಮ್ಮಿದರೆ ಹಾಲಿಗೆ ಅರಿಶಿನ, ಕಾಲು ಉಳುಕಿದರೆ ಬಿಸಿ ಅರಿಶಿನದ ಪಟ್ಟು. ಹೀಗಾಗಿ ನಮ್ಮ ನಾಯಿ ಮೋತಿ ಹಗಲೆಲ್ಲ ಕುಳಿತು ತನ್ನ ಕಾಲನ್ನು ತಾನೇ ನೆಕ್ಕಿಕೊಳ್ಳಲು ಶುರು ಮಾಡಿದಾಗ ನಾನು ಎಳ್ಳಷ್ಟೂ ಗಾಬರಿಯಾಗಲಿಲ್ಲ. ಮದ್ದು ನಮ್ಮ ಗೋದಾಮಿನಲ್ಲಿ ಚೀಲಗಟ್ಟಲೆ ಬಿದ್ದಿತ್ತು.

ನಾನು ಹೆದರಿದ್ದು ಕಾಯಿಲೆಗಲ್ಲ, ಪಕ್ಕದ ಮನೆಯ ಮಗದುಮ್ಮರಿಗೆ.

ಮೋತಿಯನ್ನು ಬೇಡಗ ಎಂಬ ಹಳ್ಳಿಯ ರೈತರೊಬ್ಬರ ಹೊಲದಿಂದ ಮಿರಜಿನ ಮನೆಗೆ ತಂದವನು ನಾನು. ಕಂದು ಮೈ, ನಾಲ್ಕೂ ಪಾದ ಬೆಳ್ಳಗೆ. ದಾರಿಯುದ್ದಕ್ಕೂ ನನ್ನ ತೊಡೆಯ ಮೇಲೆ ಕುಳಿತು, ಮಾಡಬಾರದ್ದನ್ನೆಲ್ಲ ಅಲ್ಲೇ ಮಾಡಿದ. ಸಹಿಸಿಕೊಂಡವನು ನಾನು. ಆದರೆ ಅವನ ಜೀವ ಇರುವುದು ಮಗದುಮ್ಮರ ಮೇಲೆ! ಬೆಳಗಾದರೆ ಗೇಟಿನ ಸಂದಿಯಿಂದ ನುಸುಳಿ ಅವರ ಮನೆ, ಸಂಜೆಯಾದರೆ ಮತ್ತೆ ಅವರ ಮನೆ. ಮಗದುಮ್ಮರು ಬ್ಯಾಂಕಿನಿಂದ ನಿವೃತ್ತರಾದ ಜೈನ ಗೃಹಸ್ಥರು. ಮನೆಯಲ್ಲಿ ನಮ್ಮ ಹಾಗೆ ಕನ್ನಡ ಮಾತಾಡುತ್ತಾರೆ, ನಾಯಿಗಳ ಜೊತೆ ಮಾತ್ರ ಮರಾಠಿ. ಅವರಿಗೆ ರಾಣಿ ಎಂಬ ದಪ್ಪನೆಯ ಲ್ಯಾಬ್ರಡಾರ್ ಇದೆ. ಅವರು "ಬಸ್ ಖಾಲೀ" ಎಂದರೆ ಸಾಕು, ರಾಣಿಯ ಜೊತೆ ನಮ್ಮ ಮೋತಿಯೂ ತಟ್ಟನೆ ಕೂರುತ್ತಾನೆ. ನಾನು ಅಚ್ಚ ಕನ್ನಡದಲ್ಲಿ "ಕುಂಡ್ರೋ" ಎಂದರೆ ಆಕಳಿಸುತ್ತಾನೆ. ಇದಕ್ಕೆ ಹೊಟ್ಟೆಕಿಚ್ಚು ಎನ್ನುತ್ತಾರೆ. ಇನ್ನೂ ಮರ್ಯಾದೆಯ ಹೆಸರೊಂದು ಸಿಗಬಹುದೇ ಎಂದು ಹುಡುಕಿ ನೋಡಿದೆ, ಸಿಗಲಿಲ್ಲ.

ನನ್ನ ಸೇವೆಯಲ್ಲಿ ಏನು ಕೊರತೆಯಿತ್ತು? ನಮ್ಮದು ದಿನಾ ಲಿಂಗಪೂಜೆ ನಡೆಯುವ ಮನೆ. ಹೊರಗಿನಿಂದ ಬಂದವರು ಯಾರೇ ಇರಲಿ, ಬಾಗಿಲ ಬಳಿ ಕಾಲಿಗೆ ನೀರು ಹಾಕಿಕೊಂಡೇ ಒಳಗೆ ಬರಬೇಕು. ಬೀಗರಿಗೂ ಬಿಟ್ಟದ್ದಿಲ್ಲ, ನಾಯಿಗೆ ಬಿಡುತ್ತೇವೆಯೇ? ಮೋತಿ ಹೊರಗೆ ಹೋಗಿ ಬಂದಾಗಲೆಲ್ಲ ನಾನೇ ಪಂಚೆ ಎತ್ತಿಕಟ್ಟಿ, ತಂಬಿಗೆ ಹಿಡಿದು, ಒಂದೊಂದೇ ಕಾಲನ್ನು ಉಜ್ಜಿ ತೊಳೆಯುತ್ತಿದ್ದೆ. ಆ ವರ್ಷ ಮಳೆ ಜೋರು, ರಸ್ತೆ ತುಂಬ ಕೆಸರು. ಅಂಗಡಿಗೆ ಹೋಗುವ ಮುಂಚೆ, ಊಟಕ್ಕೆ ಬಂದಾಗ, ಸಂಜೆ ಬಂದ ಮೇಲೆ ಮತ್ತೆ ಮತ್ತೆ ಇದೇ ಕೆಲಸ. ಪರವೂರಿನ ಸ್ವಾಮಿಗಳ ಪಾದವನ್ನು ಕೂಡ ನಾನು ಅಷ್ಟು ಭಕ್ತಿಯಿಂದ ತೊಳೆದವನಲ್ಲ.

ಒಂದು ದಿನ ಮಗದುಮ್ಮರು ಚಹಾಕ್ಕೆ ಬಂದಿದ್ದರು. ಮೂಲೆಯಲ್ಲಿ ಮೋತಿ ಚಪ್ ಚಪ್ ಎಂದು ಕಾಲು ನೆಕ್ಕುತ್ತಿದ್ದ. ಬೆಳ್ಳಗಿದ್ದ ಪಾದ ಜೊಲ್ಲು ಹತ್ತಿ ಹತ್ತಿ ಕೆಂಚಗಾಗಿತ್ತು.

"ಶೇಠ, ಇದು ಸುಮ್ನ ನೆಕ್ಕೂದಲ್ಲ. ಡಾಕ್ಟರಿಗೆ ತೋರಸ್ರಿ," ಎಂದರು ಮಗದುಮ್ಮರು. "ಇಲ್ಲಂದ್ರ ನಾಕ್ ದಿನ ನಮ್ಮನ್ಯಾಗ ಬಿಡ್ರಿ. ನಾ ನೋಡ್ಕೋತೇನಿ."

ಮಗದುಮ್ಮರನ್ನು ಭಾವ ಎಂದೇ ಕರೆಯುವ ನನ್ನ ಹೆಂಡತಿ ಸುನಂದಾ ಕಪ್ಪು ಕೆಳಗಿಟ್ಟು, "ನಾಕ್ ದಿನ ಯಾಕ್ರಿ ಭಾವೂಜಿ, ಅಲ್ಲೇ ಇರವಲ್ನ್ಯಾಕ. ಹೆಂಗೂ ಅವನ ಜೀವ ನಿಮ್ಮ ಕಡೇನ ಐತಿ," ಎಂದಳು.

ನನ್ನ ಗಂಟಲಲ್ಲಿ ಬಿಸ್ಕೀಟು ಸಿಕ್ಕಿಕೊಂಡಿತು. ನಾನು ಕೆಮ್ಮಿದೆ. ಯಾರೂ ಅರಿಶಿನದ ಹಾಲು ತರಲಿಲ್ಲ. ಕೊನೆಗೆ ನಾನೇ ಸುಧಾರಿಸಿಕೊಂಡು, "ಆಯಿತವಾರದ ತನಕಾ ಟೈಮ್ ಕೊಡ್ರಿ. ಅಷ್ಟರಾಗ ನಾನ ಆರಾಮ ಮಾಡಿ ತೋರಸ್ತೇನಿ," ಎಂದೆ.

"ಆತು. ಆಯಿತವಾರದ ತನಕಾ ಕಡಿಮಿ ಆಗ್ಲಿಲ್ಲಂದ್ರ ಮೋತಿ ಭಾವೂಜಿ ಮನ್ಯಾಗ," ಎಂದಳು ಸುನಂದಾ. ಇಪ್ಪತ್ತೈದು ವರ್ಷ ಸಂಸಾರ ಮಾಡಿದವಳು ನನಗೆ ಕೊಟ್ಟ ವಾಯಿದೆ ಅದು.

ಅಂದೇ ಚಿಕಿತ್ಸೆ ಆರಂಭಿಸಿದೆ. ಒಣ ಅರಿಶಿನ ನಿಲ್ಲುವುದಿಲ್ಲವಲ್ಲ, ಅದಕ್ಕೆ ಅಜ್ಜಿಯ ಪದ್ಧತಿಯಂತೆ ತುಪ್ಪದಲ್ಲಿ ಕಲಸಿದೆ. ಒಳ್ಳೆಯ ಎಮ್ಮೆಯ ತುಪ್ಪ. ನಾಲ್ಕೂ ಪಾದಕ್ಕೆ ಬಳಿದೆ. ಪರಿಣಾಮ ತಕ್ಷಣ ಕಾಣಿಸಿತು! ಮೋತಿ ಜೀವನದಲ್ಲಿ ಮೊದಲ ಸಲ ನನ್ನ ಹಿಂದೆ ಹಿಂದೆ ಬಂದ, ಬಾಲ ಅಲ್ಲಾಡಿಸಿದ, ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ನನ್ನ ಕಣ್ಣು ತುಂಬಿ ಬಂತು. ಸುನಂದಾಳನ್ನು ಕೂಗಿ ಕರೆದು ತೋರಿಸಿದೆ.

ಅವಳು ಬಗ್ಗಿ ಪಾದ ನೋಡಿದಳು. ತುಪ್ಪದ ಪಸೆಯೂ ಉಳಿದಿರಲಿಲ್ಲ.

"ಅಲ್ರೀ, ತುಪ್ಪಾ ಹಚ್ಚಿ ನೆಕ್ಕಬ್ಯಾಡ ಅಂದ್ರ ಹೆಂಗ್ ಕೇಳ್ತಾನ? ನೀವಾದ್ರೂ ಬಿಡ್ತಿದ್ರೇನು?"

ಮರುದಿನ ತುಪ್ಪ ಬಿಟ್ಟು ನೀರಿನಲ್ಲಿ ಕಲಸಿ ದಪ್ಪಗೆ ಮೆತ್ತಿದೆ. ಈ ಸಲ ನೆಕ್ಕಲಿಲ್ಲ, ನಡೆದ. ಅಡುಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಹಾಸಿಗೆಗೆ, ಹಾಸಿಗೆಯಿಂದ ಗೇಟಿನ ಸಂದಿಗೆ. ಮದುವೆಮನೆಯ ಅರಿಶಿನ ಶಾಸ್ತ್ರ ನಡೆದ ಹಾಗೆ ಇಡೀ ಮನೆ ಹಳದಿ. ನಾನು ಹಳದಿ ಹೆಜ್ಜೆಯ ಜಾಡು ಹಿಡಿದು ಓಡುವಷ್ಟರಲ್ಲಿ ಅನಾಹುತ ನಡೆದುಹೋಗಿತ್ತು. ಮಗದುಮ್ಮರು ಸ್ನಾನ ಮಾಡಿ, ಮಡಿಯ ಬಿಳಿ ಧೋತರ ಉಟ್ಟು, ಬಸದಿಯ ಪೂಜೆಗೆ ಹೊರಟು ನಿಂತಿದ್ದರು. ಮೋತಿ ಮುಂಗಾಲೆರಡನ್ನೂ ಎತ್ತಿ ಅವರನ್ನು ಅಪ್ಪಿಕೊಂಡಿದ್ದ. ಧೋತರದ ಮೇಲೆ ನಮ್ಮ ಅಂಗಡಿಯ ಮಾಲಿನ ಅಚ್ಚು ಸ್ಪಷ್ಟವಾಗಿ ಮೂಡಿತ್ತು.

ಬೇರೆ ಯಾರಾದರೂ ಆಗಿದ್ದರೆ ಬೈಯುತ್ತಿದ್ದರು. ಬೈದಿದ್ದರೆ ನನಗೂ ಎಷ್ಟು ಸಮಾಧಾನವಾಗುತ್ತಿತ್ತು! ಮಗದುಮ್ಮರು ನಕ್ಕರು. ಮೋತಿಯ ತಲೆ ಸವರಿ, "ಇರ್ಲಿ ಬಿಡ್ರಿ ಶೇಠ, ಇನ್ನೊಂದ್ ಧೋತರ ಉಟಗೊಂಡ್ ಹೋಗ್ತೇನಿ," ಎಂದು ಮತ್ತೆ ಸ್ನಾನಕ್ಕೆ ಹೋದರು. ಆ ಒಳ್ಳೆಯತನ ನೋಡಿ ನನ್ನ ಹೊಟ್ಟೆ ಇನ್ನಷ್ಟು ಉರಿಯಿತು. ಮನುಷ್ಯನಿಗೆ ಒಂದಾದರೂ ದುರ್ಗುಣ ಬೇಡವೇ?

ಮೂರನೆಯ ಪ್ರಯೋಗ ಬೇವಿನ ರಸ. ನೆಕ್ಕಿದರೆ ಕಹಿ, ಕಹಿಯಾದರೆ ಬಿಡುತ್ತಾನೆ ಎಂಬುದು ನನ್ನ ತರ್ಕ. ತರ್ಕದಲ್ಲಿ ತಪ್ಪಿರಲಿಲ್ಲ. ಎಲೆ ಅರೆದು, ಹಿಂಡಿ, ಪಾದಕ್ಕೆ ಸವರಿದೆ. ಮೋತಿ ಒಂದು ಸಲ ನೆಕ್ಕಿದ. ಮುಖ ಸಿಂಡರಿಸಿದ. ನನ್ನನ್ನು ಒಮ್ಮೆ ದಿಟ್ಟಿಸಿ ನೋಡಿದ. ಆ ನೋಟವನ್ನು ಈಗ ನೆನೆದರೂ ಮನಸ್ಸು ಕುಗ್ಗುತ್ತದೆ. ಆಮೇಲೆ ಮಂಚದ ಕೆಳಗೆ ಹೋಗಿ ಮಲಗಿದವನು ನಾನು ಮನೆಯಲ್ಲಿರುವಷ್ಟು ಹೊತ್ತು ಹೊರಗೆ ಬರಲಿಲ್ಲ. ನಾನೋ, ಕೈ ಸರಿಯಾಗಿ ತೊಳೆಯದೆ ಊಟಕ್ಕೆ ಕುಳಿತೆ. ಭಕ್ರಿ ಕಹಿ, ಪಲ್ಯ ಕಹಿ, ಕಡೆಗೆ ಮೊಸರೂ ಕಹಿ. ಅಡುಗೆ ಕೆಟ್ಟಿದೆ ಎಂದು ಬಾಯಿ ತಪ್ಪಿ ಅಂದುಬಿಟ್ಟೆ. ಆ ದಿನದ ಉಳಿದ ಕಥೆ ಬರೆಯುವುದಿಲ್ಲ.

ಶನಿವಾರ ಬಂತು. ಇನ್ನು ಉಳಿದದ್ದು ಒಂದೇ ಉಪಾಯ, ಕಾಲನ್ನು ಮುಚ್ಚಿಬಿಡುವುದು. ನನ್ನ ಎರಡು ಜೊತೆ ಉಣ್ಣೆಯ ಸಾಕ್ಸನ್ನು ಅವನ ನಾಲ್ಕು ಕಾಲಿಗೆ ತೊಡಿಸಿ, ಹಳೆಯ ಪಾಯಿಜಾಮದ ಲಾಡಿಯಿಂದ ಕಟ್ಟಿದೆ. ಮೋತಿ ನಯವಾದ ಫರಸಿ ನೆಲದ ಮೇಲೆ ನಾಲ್ಕು ದಿಕ್ಕಿಗೆ ನಾಲ್ಕು ಕಾಲು ಜಾರಿಸಿಕೊಂಡು ಹೊಟ್ಟೆಯ ಮೇಲೆ ಕುಳಿತ. ಹೇಗೋ ಎದ್ದು, ಹೇಗೋ ಗೇಟು ದಾಟಿ, ಕೆಸರಿನಲ್ಲೆಲ್ಲ ತಿರುಗಿ ಬಂದ. ಪದ್ಧತಿ ಎಂದರೆ ಪದ್ಧತಿ. ನಾನು ತಂಬಿಗೆ ತಂದೆ. ಬಿಚ್ಚಿ ಮತ್ತೆ ಕಟ್ಟುವ ಪಾಡು ಯಾರಿಗೆ ಬೇಕು ಎಂದು ಸಾಕ್ಸಿನ ಸಮೇತ ಕಾಲು ತೊಳೆದೆ! ನನ್ನ ಬುದ್ಧಿಗೆ ನಾನೇ ಭೇಷ್ ಎಂದುಕೊಂಡೆ.

ಆಯಿತವಾರ ಬೆಳಿಗ್ಗೆ ಮಗದುಮ್ಮರ ಎದುರಿಗೇ ಸುನಂದಾ ಸಾಕ್ಸು ಬಿಚ್ಚಿದಳು. ಮೂವರೂ ಕಿಟಕಿಯ ಕಡೆ ಸರಿದೆವು. ಬೆರಳ ಸಂದಿಯೆಲ್ಲ ಕೆಂಪಾಗಿ, ಹುಳಿತ ಹಿಟ್ಟಿನ ವಾಸನೆ ಹೊಡೆಯುತ್ತಿತ್ತು. ಮೋತಿ ಕಾಲು ಊರಲಾರದೆ ಕುಂಟಿದ. ಆಗ ಮಾತ್ರ, ಹೊಟ್ಟೆಕಿಚ್ಚಿನಲ್ಲಿ ಪಾಪದ ಪ್ರಾಣಿಗೆ ನೋವು ಕೊಟ್ಟೆನಲ್ಲ ಎಂದು ನಿಜಕ್ಕೂ ಸಂಕಟವಾಯಿತು.

ಆಸ್ಪತ್ರೆಗೆ ಹೊರಟದ್ದು ಮಗದುಮ್ಮರ ಕಾರಿನಲ್ಲಿ. ಮುಂದೆ ಮಗದುಮ್ಮರು, ಅವರ ಪಕ್ಕದ ಸೀಟಿನಲ್ಲಿ ಮೋತಿ. ಹಿಂದೆ ಸುನಂದಾಳ ಜೊತೆ ನಾನು, ತೊಡೆಯ ಮೇಲೆ ಒದ್ದೆ ಸಾಕ್ಸಿನ ಚೀಲ.

ಡಾಕ್ಟರಮ್ಮ ಮೋತಿಯ ಕಾಲನ್ನು ಮೂಸಿ, ಬೆರಳು ಬಿಡಿಸಿ, ಮುಳ್ಳು ನಟ್ಟಿದೆಯೇ ನೋಡಿದರು, ಉಣ್ಣಿ ಹುಡುಕಿದರು, ಏನೇನು ತಿನ್ನುತ್ತಾನೆ ಎಂದು ವಿಚಾರಿಸಿದರು. ಮನೆಯಲ್ಲಿ ಒಬ್ಬನೇ ಇದ್ದು ಬೇಸರಪಟ್ಟುಕೊಳ್ಳುತ್ತಾನೆಯೇ ಎಂದೂ ಕೇಳಿದರು. ನಾಯಿ ಕಾಲು ನೆಕ್ಕಲು ಇಷ್ಟೊಂದು ಕಾರಣವಿರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಸಂದಿಯಿಂದ ಸ್ವಲ್ಪ ಕೆರೆದು ಗಾಜಿನ ಮೇಲಿಟ್ಟು ಪರೀಕ್ಷಿಸಿ ಬಂದವರು, "ಹ್ಯಾಚೆ ಪಾಯ ಕೋಣ ಧುತಂ?" ಎಂದು ಮರಾಠಿಯಲ್ಲಿ ಕೇಳಿದರು. ಇವನ ಕಾಲು ತೊಳೆಯುವವರು ಯಾರು ಎಂದು.

ಕೊನೆಗೂ ನನ್ನ ಸೇವೆಯನ್ನು ಗುರುತಿಸುವವರೊಬ್ಬರು ಸಿಕ್ಕರು! ನಾನು ಎದೆಯುಬ್ಬಿಸಿ ಮುಂದೆ ಬಂದೆ. "ನಾನ್ರೀ. ದಿನಾ ಐದಾರ್ ಸಲ ತೊಳೀತೇನಿ. ಒಂದ್ ಸಲಾನೂ ತಪ್ಪಿಸಿಲ್ಲ."

"ತೊಳೆದ ಮ್ಯಾಲೆ ಒರಸ್ತೀರಿ?" ಈ ಸಲ ಅವರು ಕನ್ನಡಕ್ಕೆ ಬಂದರು, ನನಗೆ ಚೆನ್ನಾಗಿ ನಾಟಲಿ ಎಂದೇ ಇರಬೇಕು.

ನಾನು ಸುನಂದಾಳನ್ನು ನೋಡಿದೆ. ಸುನಂದಾ ಗೋಡೆಯನ್ನು ನೋಡಿದಳು.

"ಒರಸೂದು..." ಎಂದೆ. "ನಮ್ಮಲ್ಲಿ ತೊಳಿಯೂ ಪದ್ಧತಿ ಐತ್ರಿ. ಒರಸೂದು ಅವರವರ ಜವಾಬ್ದಾರಿ."

"ಅವನೂ ಅದನ್ನ ಮಾಡ್ಯಾನ," ಎಂದರು ಡಾಕ್ಟರಮ್ಮ. "ಅವನ ಹತ್ರ ಟಾವೆಲ್ ಇಲ್ಲ, ನಾಲಿಗಿ ಐತಿ."

ವಿಷಯ ಇಷ್ಟೆ. ಮಳೆಗಾಲದಲ್ಲಿ ಬೆರಳ ಸಂದಿ ಸದಾ ಒದ್ದೆ, ಒದ್ದೆಯಾದದ್ದಕ್ಕೆ ಫಂಗಸ್, ಫಂಗಸ್ಸಿಗೆ ತುರಿಕೆ, ತುರಿಕೆಗೆ ನೆಕ್ಕುವುದು, ನೆಕ್ಕಿದ್ದಕ್ಕೆ ಮತ್ತಷ್ಟು ಒದ್ದೆ. ಅದರ ಮೇಲೆ ನನ್ನ ಉಣ್ಣೆಯ ಸಾಕ್ಸು. ಹಚ್ಚಲು ಮುಲಾಮು, ತೊಳೆಯಲು ಔಷಧದ ನೀರು, ನೆಕ್ಕದಂತೆ ಕೊರಳಿಗೆ ಒಂದು ಪ್ಲಾಸ್ಟಿಕ್ ಕಾಲರ್ ಕೊಟ್ಟರು. ಪ್ರತಿ ಸಲ ತೊಳೆದ ಮೇಲೆ ಸಂದಿ ಸಂದಿಯನ್ನೂ ಒಣಗುವ ಹಾಗೆ ಒರೆಸಬೇಕು. ಗುಣವಾಗುವ ತನಕ ಅರಿಶಿನ ಕಣ್ಣಿಗೂ ಬೀಳಬಾರದು. ನಮ್ಮ ಅಜ್ಜ ಸ್ವರ್ಗದಲ್ಲಿ ಏನೆಂದುಕೊಂಡರೋ.

ಆಗ ಮಗದುಮ್ಮರು ಮೆಲ್ಲಗೆ, "ನಮ್ಮನಿಗೆ ಬಂದಾಗ ಕಾಲ ತೊಯ್ದಿರ್ತಿದ್ವು. ಹಳೇ ಟಾವೆಲ್ಲಿಂದ ಒರಸ್ತಿದ್ನಿ. ನಿಮಗ ಹೇಳಿದ್ರ ಏನ್ ತಿಳ್ಕೋತೀರಿ ಅಂತ ಸುಮ್ನಿದ್ನಿ," ಎಂದರು.

ಮರಾಠಿಯೂ ಅಲ್ಲ, ರಾಣಿಯೂ ಅಲ್ಲ, ವಶೀಕರಣವೂ ಅಲ್ಲ. ನಮ್ಮ ನಾಯಿ ದಿನಾ ಎರಡು ಹೊತ್ತು ಅವರ ಮನೆಗೆ ಓಡುತ್ತಿದ್ದದ್ದು ಕಾಲು ಒರೆಸಿಕೊಳ್ಳಲಿಕ್ಕೆ!

"ಇನ್ನ ಮ್ಯಾಲೆ ನಾನ ಒರಸ್ತೇನಿ," ಎಂದೆ ಸುನಂದಾಳಿಗೆ. "ಅವ ನಮ್ಮನ್ಯಾಗ ಇರ್ಲಿ." ಅವಳು ಒಪ್ಪಿದಳು.

ನುಡಿದಂತೆ ನಡೆದೆ. ತಂಬಿಗೆ ಒಂದು ಕೈಯಲ್ಲಿ, ಟವೆಲ್ಲು ಹೆಗಲ ಮೇಲೆ. ಪಾದ ಮತ್ತೆ ಬೆಳ್ಳಗಾಗುತ್ತ ಬಂತು, ಕಾಲರ್ ಹೋಯಿತು, ಚಪ್ ಚಪ್ ಸದ್ದು ನಿಂತಿತು. ಒಂದು ಸಂಜೆ ಮೋತಿ ಹೊರಗಿನಿಂದ ಬಂದವನು ಮಗದುಮ್ಮರ ಗೇಟನ್ನು ಕಣ್ಣೆತ್ತಿಯೂ ನೋಡದೆ ನೇರ ನನ್ನ ಮುಂದೆ ಬಂದು, ಕರೆಯದೆಯೇ ಕಾಲೆತ್ತಿ ನನ್ನ ಕೈಯಲ್ಲಿಟ್ಟ. ಕಾಂಪೌಂಡಿನ ಆಚೆಯಿಂದ ಮಗದುಮ್ಮರು ನೋಡುತ್ತಿದ್ದರು. ಅವರು ನೋಡಲಿ ಎಂದೇ ನಾನು ಆ ಕಾಲನ್ನು ಬಹಳ ಹೊತ್ತು ಒರೆಸಿದೆ.

"ಶೇಠ, ನಿಮ್ಮ ಕೈಗುಣ ಭಾಳ ಚಲೋ ಆಗೇತಿ," ಎಂದರು ಮಗದುಮ್ಮರು.

ಅವರ ಬಾಯಿಂದಲೇ ಬಂತಲ್ಲ! ನಾನು ಹಿಗ್ಗಿ ಹೀರೇಕಾಯಿಯಾದೆ. "ಅದರಾಗೇನೈತ್ರಿ," ಎಂದು ಔದಾರ್ಯ ತೋರಿಸಿದೆ.

"ಹಂಗಾದ್ರ ನಮ್ಮ ರಾಣೀದೂ ಒಂದೀಟ ಒರಸ್ರೆಲಾ. ನನಗ ಈಗೀಗ ಮಣಕಾಲ ನೋವು, ಮೊದಲಿನಂಗ ಬಗ್ಗಾಕ ಆಗೂದಿಲ್ಲ."

ಈಗ ದಿನಾ ಸಂಜೆ ನಮ್ಮ ಬಾಗಿಲಲ್ಲಿ ಒಂದೇ ನೋಟ. ನಾನು ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕುಳಿತು ರಾಣಿಯ ದಪ್ಪ ದಪ್ಪ ಕಾಲುಗಳನ್ನು ಒರೆಸುತ್ತಿರುತ್ತೇನೆ. ಮಗದುಮ್ಮರು ನನ್ನ ಕುರ್ಚಿಯಲ್ಲಿ ಕುಳಿತು, ಸುನಂದಾ ಮಾಡಿಕೊಟ್ಟ ಚಹಾ ಕುಡಿಯುತ್ತಿರುತ್ತಾರೆ. ಮೋತಿ, ನಾನು ಒರೆಸಿದ ನಾಲ್ಕೂ ಒಣ ಕಾಲುಗಳನ್ನು ಚಾಚಿ, ಅವರ ಪಾದದ ಮೇಲೆ ತಲೆಯಿಟ್ಟು ಹಾಯಾಗಿ ಮಲಗಿರುತ್ತಾನೆ.