ಹಳೇ ಕ್ವಾಡ್ ಬೈಕಿಗೆ ವಿಭೂತಿ

ಹಳೇ ಗಾಡಿ ನೋಡೋಕೆ ಹೋದವನು ಬರೀ ಗಾಡಿ ನೋಡಿಕೊಂಡು ವಾಪಸ್ ಬಂದದ್ದನ್ನ ನಾನಂತೂ ಕೇಳಿಲ್ಲ. ಆ ಮನೆಯವರ ಸಂಸಾರವನ್ನೂ ಒಂದು ಸುತ್ತು ನೋಡಿಯೇ ಬರಬೇಕಾಗುತ್ತೆ.

ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಲಾರಿ ಹತ್ತಿದವನು. ಆಮೇಲೆ ಐಸ್‌ಕ್ರೀಮ್ ಗಾಡಿ, ಶಾಮಿಯಾನ, ಬೋರ್‌ವೆಲ್ ಎಲ್ಲ ಆಯ್ತು. ಯಾವುದರಲ್ಲೂ ಕಾಲು ನಿಲ್ಲಲಿಲ್ಲ. ಈ ಸಲ ಹೊಳಲೂರಿನ ಹತ್ತಿರ ಹೊಳೆ ಪಕ್ಕ ಬಯಲು ಇಟ್ಟುಕೊಂಡಿರೋ ಸಾಹುಕಾರರೊಬ್ಬರು ಒಂದು ಮಾತು ಕೊಟ್ಟಿದ್ದರು. ಗಟ್ಟಿಮುಟ್ಟಾದ ಕ್ವಾಡ್ ಬೈಕ್ ತಂದರೆ, ಭಾನುವಾರ ಬರೋ ಜನರನ್ನ ಕೂರಿಸಿ ಸುತ್ತಿಸೋಕೆ ಜಾಗ ನನಗೆ. ಕ್ವಾಡ್ ಬೈಕ್ ಅಂದ್ರೆ ಹ್ಯಾಂಡಲ್ ಬೈಕಿಂದು, ಚಕ್ರ ಮಾತ್ರ ನಾಲ್ಕು, ಒಂದೊಂದೂ ಕುಂಬಳಕಾಯಿ ಹಾಗೆ. ದಸರಾ ರಜೆಯೊಳಗೆ ತರದಿದ್ದರೆ ಜಾಗ ಕುದುರೆ ಸವಾರಿಯವನಿಗೆ. "ಕುದುರೆಗೆ ಗ್ಯಾರೇಜ್ ಬೇಕಾಗಲ್ಲ ನೋಡು" ಅಂತ ಬೇರೆ ಹೇಳಿದ್ದರು. ನನ್ನ ಹೆಂಡತಿ ಹೇಳಿದ್ದು ಇನ್ನೂ ಚಿಕ್ಕದು: "ಇದರಲ್ಲಾದ್ರೂ ನಿಲ್ರಿ."

ಹಳೇದೇ ತರ್ತೀನಿ, ಆದ್ರೆ ಮೋಸ ಹೋಗಲ್ಲ ಅಂತ ಹಟ ಹಿಡಿದು ಹೊರಟೆ.

ಎಣ್ಣೆ

ಮೊದಲನೇದು ವಿದ್ಯಾನಗರದಲ್ಲಿ. ಯಜಮಾನರು ಸ್ನಾನಕ್ಕೆ ಹೋಗಿದ್ದರು, ಅವರ ಹೆಂಡತಿ ಬಾಗಿಲಲ್ಲಿ ನಿಂತಿದ್ದರು. ಇಂಜಿನ್ ಒಳಗೆ ಸವೆದಿದ್ದರೆ ಆಯಿಲ್ ಸುಟ್ಟು ಹೊಗೆ ಬರುತ್ತೆ. ಅದನ್ನೇ ಮೊದಲು ವಿಚಾರಿಸೋಣ ಅಂತ ಕೇಳಿದೆ.

"ಎಣ್ಣೆ ಕುಡಿಯೋದು ಜಾಸ್ತಿನಾ ಅಕ್ಕಾ?"

ಅವರು ಒಂದ್ಸಲ ಒಳಗೆ ತಿರುಗಿ ನೋಡಿ ದನಿ ತಗ್ಗಿಸಿದರು. "ಮೊದಲು ಇತ್ತು. ಈಗ ಶನಿವಾರ ಮಾತ್ರ."

ವಾರಕ್ಕೊಂದು ಸಲ ಓಡಿಸ್ತಾರೇನೋ ಅಂದುಕೊಂಡೆ. "ಹೊಗೆ?"

"ಅದನ್ನ ಬಿಡಿಸೋಕೆ ಆಗಲೇ ಇಲ್ಲ."

"ಬೆಳಿಗ್ಗೆ ಸ್ಟಾರ್ಟಿಂಗ್ ತೊಂದರೆ ಇದ್ಯಾ?"

"ಎರಡು ಲೋಟ ಕಾಫಿ ಬೀಳೋ ತನಕ ಅಲ್ಲಾಡಲ್ಲ" ಅಂದರು.

ಆಗ ನನಗೆ ತಿಳೀತು, ನಾನು ಬೇರೆ ಗಾಡಿ ವಿಚಾರಿಸ್ತಾ ಇದ್ದೀನಿ ಅಂತ. ಅಷ್ಟರಲ್ಲಿ ಯಜಮಾನರು ಟವೆಲ್ ಸುತ್ತಿಕೊಂಡು ಹೊರಗೆ ಬಂದು, "ನೋಡಿದ್ರಾ? ಏನನ್ನಿಸ್ತು?" ಅಂದರು. ಆ ಅಕ್ಕನ ಮುಖ ನೋಡಿ, "ಕಂಡೀಷನ್ ಸುಧಾರಿಸ್ತಾ ಇದೆ ಸಾರ್" ಅಂತ ಹೇಳಿ ಬಂದೆ.

ರಿವರ್ಸ್

ರಾಗಿಗುಡ್ಡದವನ ಗಾಡಿ ನೋಡೋಕೆ ಚೆನ್ನಾಗಿತ್ತು. ಚಕ್ರ ಹಿಡಿದು ಅಲ್ಲಾಡಿಸಿದೆ, ಬೇರಿಂಗ್ ಗಟ್ಟಿ. ಚೈನೂ ಸರಿ. ರಿವರ್ಸ್ ಗೇರ್ ತೋರಿಸು ಅಂದೆ. ಅವನು ಏರು ರಸ್ತೆಯಲ್ಲಿ ಮೇಲೆ ಹತ್ತಿಸಿ ನಿಲ್ಲಿಸಿದ, ಲಿವರ್ ಏನೋ ಎಳೆದ. ಗಾಡಿ ನಯವಾಗಿ ಹಿಂದೆ ಬಂತು. ಎಷ್ಟು ನಯ ಅಂದ್ರೆ ಇಂಜಿನ್ ಸದ್ದು ಕೂಡ ಇರಲಿಲ್ಲ.

ಸಮ ನೆಲದಲ್ಲಿ ಒಂದ್ಸಲ ತೋರಿಸು ಅಂದೆ. ಅವನಿಗೆ ಸಿಟ್ಟು ಬಂತು.

"ಗುಡ್ಡದ ಮೇಲೆ ಮನೆ ಕಟ್ಟಿರೋನ ಹತ್ರ ಸಮ ನೆಲ ಕೇಳ್ತೀಯಲ್ಲ ಮಾರಾಯ, ನ್ಯಾಯನಾ?"

ಬಿಸಿಲು

ತಣ್ಣಗಿರೋ ಇಂಜಿನ್ ಸುಳ್ಳು ಹೇಳಲ್ಲ. ಬಿಸಿ ಮಾಡಿಟ್ಟರೆ ಎಂಥ ಮುದಿ ಇಂಜಿನ್ನೂ ಒಂದೇ ಸಲಕ್ಕೆ ಹೊತ್ತಿಕೊಳ್ಳುತ್ತೆ. ಅದಕ್ಕೇ ಭದ್ರಾವತಿಯ ಒಬ್ಬರಿಗೆ, ನಾನು ಬರೋ ತನಕ ಮುಟ್ಟಬೇಡಿ ಅಂತ ಫೋನಿನಲ್ಲೇ ಹೇಳಿದ್ದೆ. ಫ್ಯಾಕ್ಟರಿಯಿಂದ ರಿಟೈರ್ ಆದ ತಮಿಳು ಅಣ್ಣ. "ಸ್ಟಾರ್ಟೇ ಮಾಡಿಲ್ಲ ತಂಬಿ, ನೀನೇ ನೋಡು" ಅಂದರು. ಇಂಜಿನ್ ಮೇಲೆ ಕೈ ಇಟ್ಟೆ. ಚುರ್ ಅಂತು.

"ಬಿಸಿಲು ತಂಬಿ" ಅಂದರು. ಗಾಡಿ ಶೀಟಿನ ಕೆಳಗಿತ್ತು, ಶೀಟಿನ ಮೇಲೆ ಮಳೆ ಬೀಳ್ತಿತ್ತು.

ಅವರ ಹೆಂಡತಿ ಒಳಗಿಂದ ಓಡಿ ಬಂದು ನನ್ನ ಕೈಗೆ ಮುಲಾಮು ಹಚ್ಚಿದರು. ಟ್ಯೂಬು ಅರ್ಧ ಖಾಲಿ ಆಗಿತ್ತು. "ಇಲ್ಲೇ ಇಟ್ಟುಕೊಂಡಿದ್ದೀನಿ" ಅಂದರು, "ಗಾಡಿ ನೋಡೋಕೆ ಬರೋರಿಗೆಲ್ಲ ಬೇಕಾಗುತ್ತೆ."

ಮೂರು ಗೆರೆ

ರಜೆ ಹತ್ತಿರ ಬಂತು. ಕುದುರೆಯವನು ಬಯಲಿಗೆ ಬಂದು ಗೂಟ ಹೊಡೆಯೋ ಜಾಗ ನೋಡಿಕೊಂಡು ಹೋದ ಅಂತ ಸುದ್ದಿ. ಸುಟ್ಟ ಕೈಗೆ ಬಟ್ಟೆ ಸುತ್ತಿಕೊಂಡೇ ಮತ್ತೆ ಭದ್ರಾವತಿಗೆ ಹೋದೆ, ಬೇರೆ ಮನೆಗೆ. ಅಲ್ಲೊಬ್ಬ ಅಡಿಕೆ ವ್ಯಾಪಾರಿ, ಅವನ ತಾಯಿ. ನಮ್ಮ ಮನೆಯ ಹಾಗೇ ಬೆಳಿಗ್ಗೆ ಎದ್ದರೆ ಹಣೆಗೆ ವಿಭೂತಿ ಬೀಳೋ ಮನೆ.

ಇಂಜಿನ್ ತಣ್ಣಗಿತ್ತು, ಒಂದೇ ಸಲಕ್ಕೆ ಹೊತ್ತಿಕೊಂಡಿತು. ಹೊಗೆ ಇಲ್ಲ. ರಿವರ್ಸ್ ಅಂಗಳದಲ್ಲೇ ಬಂತು. ಒಂದೇ ಅನುಮಾನ. ಇಂಜಿನ್ ಪಕ್ಕದಲ್ಲಿ, ಸರಿಯಾಗಿ ಜಾಯಿಂಟ್ ಮೇಲೆ, ದಪ್ಪಗೆ ಮೂರು ಗೆರೆ ವಿಭೂತಿ. ಒರೆಸಿ ನೋಡೋಣ ಅಂತ ಜೇಬಿಂದ ಬೇರೆ ಬಟ್ಟೆ ತೆಗೆದೆ.

"ಶಿವನ ಹಣೆ ಒರೆಸ್ತೀಯೇನೋ?" ಅಂದಿತು ಅಜ್ಜಿ.

ಬಟ್ಟೆ ಮತ್ತೆ ಜೇಬಿಗೆ ಹೋಯ್ತು. ಆದರೆ ನಾನು ಬಿಡೋನಲ್ಲ. ಇಂಜಿನ್ ಓಡ್ತಾ ಇರಲಿ ಅಂತ ಹೇಳಿ ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತೆ. ಅಜ್ಜಿಗೆ ನನ್ನ ಭಕ್ತಿ ಹಿಡಿಸಿತು, ಚಹಾ ಬಂತು. ಚಹಾ ಮುಗಿಯೋ ಹೊತ್ತಿಗೆ ಕೆಳಗಿನ ಗೆರೆ ಮೆಲ್ಲಗೆ ಕಪ್ಪಗಾಯ್ತು. ಆಯಿಲ್ ಜಿನುಗ್ತಾ ಇತ್ತು.

ನಾನು ಬಾಯಿ ತೆಗೆಯೋ ಮುಂಚೆ ಅಜ್ಜಿಯೇ ಮಗನಿಗೆ ಹೇಳಿತು: "ನೋಡು, ಇವತ್ತೂ ಮೂರನೇದು ಹೋಯ್ತು. ದಿನಾ ಎಷ್ಟು ಸಲ ಹಚ್ಚೋದೋ ನಾನು?"

ಮಗ ನೆಲ ನೋಡಿದ. ಜಾಯಿಂಟ್ ಒಳಗಿನ ಪ್ಯಾಕಿಂಗ್ ಹೋಗಿದೆ, ಅಷ್ಟೇ ಅಂದ. ನನ್ನೆದುರೇ ಬದಲಾಯಿಸಿದರೆ ಇವತ್ತೇ ಒಯ್ಯುತ್ತೀನಿ ಅಂದೆ. ಬದಲಾಯಿಸಿದ. ಅಜ್ಜಿ ಹೊಸದಾಗಿ ಮೂರು ಗೆರೆ ಎಳೆಯಿತು. ಮತ್ತೆ ಇಂಜಿನ್ ಓಡಿಸಿ ಕೂತೆ, ಇನ್ನೊಂದು ಚಹಾ ಕುಡಿದೆ. ಮೂರೂ ಬೆಳ್ಳಗೇ ಇದ್ದವು. ಗೂಡ್ಸ್ ಆಟೋಗೆ ಹತ್ತಿಸಿಕೊಂಡು ಸೀದಾ ಹೊಳಲೂರು.

ಈಗ ದಿನಾ ಬೆಳಿಗ್ಗೆ ನಾನೇ ಗೆರೆ ಎಳೀತೀನಿ, ಓಡಿಸೋ ಮುಂಚೆ ಬಗ್ಗಿ ನೋಡ್ತೀನಿ. ನಾನು ಬಗ್ಗೋದನ್ನ ನೋಡಿ ಸಾಹುಕಾರರು ಕೈ ಮುಗಿದರು. ಅವರನ್ನ ನೋಡಿ ಸವಾರಿಗೆ ಬಂದ ಜನ ಕೈ ಮುಗಿದರು. ಆಯಿಲ್ ನೋಡ್ತಾ ಇದ್ದೀನಿ ಅಂತ ನಾನು ಯಾರಿಗೂ ಬಿಡಿಸಿ ಹೇಳಿಲ್ಲ. ಕಾಲು ನಿಂತಿದೆ, ಸಾಕು.

ಮೊನ್ನೆ ಕುದುರೆಯವನೇ ಬಂದ. ಅತ್ತಿತ್ತ ನೋಡಿ, ಹತ್ತಿರ ಸರಿದು, ಮೆಲ್ಲಗೆ ಕೇಳಿದ:

"ಅಣ್ಣಾ, ನನ್ನ ಕುದುರೆ ಕುಂಟ್ತಾ ಇದೆ. ಎಲ್ಲಿ ಹಚ್ಚಬೇಕು?"