ಮಾವನ ಗಾಡಿಯ ಅಡ್ಡ ಸೀಟು

ನಿಮ್ಮ ಮನೆಯಲ್ಲಿ ಯಾರಾದರೂ ಚೆನ್ನಾಗಿದ್ದ ಬೈಕಿಗೆ ಗುಜರಿ ಸಾಮಾನು ಜೋಡಿಸಿ ಜೋಡಿಸಿ ಗುರುತೇ ಸಿಗದ ಹಾಗೆ ಮಾಡಿದ್ದಾರಾ? ಅವರ ಹಿಂದೆ ಕೂತು ಪೇಟೆಯೊಳಗೆ ಹೋಗುವಾಗ ಮುಖ ಎಲ್ಲಿಟ್ಟುಕೊಳ್ಳಲಿ ಅಂತ ನಿಮಗೂ ಅನ್ನಿಸಿದೆಯಾ? ನನಗೆ ಅನ್ನಿಸಿದೆ. ನಮ್ಮ ಸೋದರಮಾವನ ಗಾಡಿಯಲ್ಲಿ ಕಂಪನಿಯವರು ಕೊಟ್ಟದ್ದು ಅಂತ ಉಳಿದಿದ್ದು ಇಂಜಿನ್ನು ಮತ್ತು ನಂಬರ್ ಪ್ಲೇಟು. ನಂಬರ್ ಪ್ಲೇಟನ್ನೂ ಯಾವುದಾದರೂ ಗುಜರಿಯಿಂದ ತಂದು ಹಚ್ಚುತ್ತಿದ್ದನೇನೋ, ಪೊಲೀಸರ ಭಯಕ್ಕೆ ಬಿಟ್ಟಿದ್ದಾನೆ!

ಮಾವನದು ಬಳಗಾನೂರಿನಲ್ಲಿ ಒಂದು ಸಣ್ಣ ಹಿಟ್ಟಿನ ಗಿರಣಿ. ಇದೆಲ್ಲ ಶೋಕಿಗೆ ಅಂದುಕೊಳ್ಳಬೇಡಿ. ಅತ್ತೆಯ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆರಡು ಸಲ ಸಿಂಧನೂರಿನ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಲೇಬೇಕು. ಒಂದು ಸಲ ತಪ್ಪಿದರೂ ಮೈ ಬಾತು ಉಸಿರು ಕಟ್ಟುತ್ತಿತ್ತು. ಬಸ್ಸಿನ ಗದ್ದಲದಲ್ಲಿ ನಿಲ್ಲುವ ತ್ರಾಣ ಅತ್ತೆಗಿರಲಿಲ್ಲ, ಪ್ರತಿ ಸಲ ಕಾರು ಮಾಡುವ ತ್ರಾಣ ಗಿರಣಿಗಿರಲಿಲ್ಲ. ಉಳಿದದ್ದು ಬೈಕು. ಒಮ್ಮೆ ವಾಪಸು ಬರುವಾಗ ಅತ್ತೆ ತಲೆ ತಿರುಗಿ ಜಾರಿ ಕಾಲುವೆ ದಂಡೆಯ ಮಣ್ಣಿನ ಮೇಲೆ ಬಿದ್ದುಬಿಟ್ಟಳು. ಪುಣ್ಯಕ್ಕೆ ಏನೂ ಆಗಲಿಲ್ಲ. ಅವತ್ತಿನಿಂದ ಮಾವನ ತಲೆಯಲ್ಲಿ ಒಂದೇ ಹುಳ: ಇವಳು ಇನ್ನೊಮ್ಮೆ ಬೀಳಬಾರದು.

ಎರಡೂ ಕಡೆ ಕಾಲು ಹಾಕಿ ಕೂರಿಸು, ನಿನ್ನನ್ನು ಗಟ್ಟಿಯಾಗಿ ಹಿಡಿದುಕೊಳ್ಳಲಿ ಅಂತ ಎಲ್ಲರೂ ಹೇಳಿದೆವು. ಅತ್ತೆ ಒಪ್ಪಬೇಕಲ್ಲ?

"ಸತ್ರೂ ಚಿಂತಿಲ್ಲ, ಆ ಕಡಿಗೊಂದು ಈ ಕಡಿಗೊಂದು ಕಾಲು ಹಾಕ್ಕೊಂಡು ನಾ ಊರಾಗ ಬರಂಗಿಲ್ಲ."

ಮುಗಿಯಿತು! ಮಾವ ವಾದಕ್ಕೆ ಹೋಗಲಿಲ್ಲ, ಲಿಂಗಸುಗೂರಿಗೆ ಹೋದ. ಅಲ್ಲಿಯ ಗುಜರಿಯಲ್ಲಿ ಯಾವುದೋ ದೊಡ್ಡ ಬೈಕಿನ ಬೆನ್ನಾಸರೆ ಹುಡುಕಿ ತಂದ. ಸಿಂಧನೂರಿನ ವೆಲ್ಡಿಂಗ್ ಅಂಗಡಿಯವನು ಅದನ್ನು ಎಲ್ಲರ ಗಾಡಿಗೂ ಇರುವ ಹಾಗೆ ಸೀಟಿನ ಹಿಂದೆ ಹಿಡಿದರೆ ಮಾವ ತಡೆದು, ಸೀಟಿನ ಬಲಗಡೆ ಹಚ್ಚು ಅಂದ. ಅವನು ಕನ್ನಡಕ ತೆಗೆದು ಮಾವನನ್ನು ನೋಡಿದ.

"ಏನ್ ಕಾಕಾ, ಗಾಡಿ ಅಡ್ಡ ಓಡಸ್ತೀರೇನು?"

"ಗಾಡಿ ನೆಟ್ಟಗ ಓಡತೈತಿ. ಕುಂದ್ರಾಕಿ ಅಡ್ಡ ಕುಂದರ್ತಾಳ. ಬೆನ್ನು ಎಲ್ಲೈತಿ ಅಲ್ಲೇ ಆಸರ ಬೇಕಲೇ."

ಸೀಟಿನ ಬಲಕ್ಕೆ ಹೀಗೊಂದು ಗೋಡೆ ಎದ್ದಿತು. ಅತ್ತೆ ಎಡಕ್ಕೆ ಕಾಲು ಬಿಟ್ಟು ಗೋಡೆಗೆ ಒರಗಿ ಕೂತರೆ ಥೇಟ್ ಕಟ್ಟೆಯ ಮೇಲೆ ಕೂತ ಹಾಗೆ! ಆದರೆ ಮಾವ ಹತ್ತುವುದು ಹೇಗೆ? ಹಿಂದಿನಿಂದ ಕಾಲು ತಿರುಗಿಸಿ ಹಾಕಲು ಗೋಡೆ ಅಡ್ಡ. ಪೆಟ್ರೋಲ್ ಟ್ಯಾಂಕಿನ ಮೇಲಿಂದ ಲುಂಗಿ ಎತ್ತಿ ಕಾಲು ದಾಟಿಸಬೇಕು. ಆ ಕಸರತ್ತು ನೋಡಲು ಗಿರಣಿಗೆ ಬಂದವರು ಹಿಟ್ಟು ಬೀಸಿಸಿಕೊಂಡ ಮೇಲೂ ನಿಂತಿರುತ್ತಿದ್ದರು.

ಮುಂದಿನದು ಕನ್ನಡಿ. ಮಸ್ಕಿಯಲ್ಲಿ ಹಳೆಯ ಲಾರಿ ಬಿಚ್ಚುವ ಕಡೆಯಿಂದ ತಟ್ಟೆಯಷ್ಟು ದೊಡ್ಡ ಕನ್ನಡಿ ತಂದು ಹ್ಯಾಂಡಲಿಗೆ ಬಿಗಿದ. ನಾನು ಕೂತು ನೋಡಿದರೆ ಅದರಲ್ಲಿ ರಸ್ತೆಯೇ ಕಾಣದು, ಹಿಂದಿನ ಸೀಟು ಮಾತ್ರ ಕಾಣುತ್ತಿತ್ತು. ಹಿಂದೆ ಲಾರಿ ಬಂದರೆ ಹೇಗೆ ಗೊತ್ತಾಗಬೇಕು ಅಂತ ಬೈದೆ.

"ಲಾರಿ ಬಂದ್ರ ಹಾರ್ನ್ ಹೊಡೀತೈತಿ," ಅಂದ ಮಾವ. "ಆಕಿ ಹೊಡೀತಾಳೇನು?"

ಅತ್ತೆ ಮುಖ ಬಿಳಚಿಕೊಂಡರೆ ಕನ್ನಡಿಯಲ್ಲಿ ಗೊತ್ತಾಗಬೇಕು, ಕೂಡಲೇ ಗಾಡಿ ನಿಲ್ಲಿಸಬೇಕು. ಇದು ಅವನ ಲೆಕ್ಕ. ಆದರೂ ಸಮಾಧಾನವಾಗಲಿಲ್ಲ. ಗೋಡೆಗೆ ಒಂದು ಹಳೆಯ ಸೈಕಲ್ ಗಂಟೆ ಕೂರಿಸಿ, ತಲೆ ತಿರುಗಿದರೆ ಬಾರಿಸು ಅಂತ ಅತ್ತೆಗೆ ಹೇಳಿದ. ಮೊದಲ ದಿನ ಅರ್ಧ ದಾರಿಯಲ್ಲಿ ಗಂಟೆ ಟ್ರಿಣ್ ಅಂದಿತು. ಮಾವ ಗಾಬರಿಯಿಂದ ಬ್ರೇಕ್ ಹಾಕಿ ತಿರುಗಿದರೆ ಅತ್ತೆ ಆರಾಮಾಗಿ ಕೂತಿದ್ದಾಳೆ. ಏನಾಯಿತು ಅಂದರೆ, "ಏನಿಲ್ರೀ, ಪಾಮನಕಲ್ಲೂರ ಬೀಗರು ಹೊಂಟಿದ್ರು. ಮಾತಾಡಸದ ಹೋದ್ರ ಏನಂತಾರ?"

ಎರಡು ವರ್ಷ ಹೀಗೆ ನಡೆಯಿತು. ನಕ್ಕವರು ನಕ್ಕರು. ಅತ್ತೆ ಮತ್ತೆ ಬೀಳಲಿಲ್ಲ.

ಈ ಸಲ ಭತ್ತದ ಕೊಯ್ಲಿನ ಹೊತ್ತು. ಆಸ್ಪತ್ರೆಯ ದಿನ ಬೆಳಿಗ್ಗೆ ಮಾವ ಎಂದಿನಂತೆ ಗಾಡಿ ಒರೆಸಿ, ಚಾಲೂ ಮಾಡಿಕೊಂಡು ಬಾಗಿಲಲ್ಲಿ ಕಾಯುತ್ತಿದ್ದ. ಅತ್ತೆ ಹೊರಗೆ ಬರಲಿಲ್ಲ. ಒಳಗೆ ಹೋಗಿ ನೋಡಿದರೆ ಹಾಸಿಗೆಯಲ್ಲೇ ಜೀವ ಹೋಗಿತ್ತು. ಅವನ ಕೂಗು ಕೇಳಿ ಓಣಿಯವರೆಲ್ಲ ಬಂದರು. ಬಹಳ ಹೊತ್ತು ಹೊರಗೆ ಇಂಜಿನ್ ಓಡುತ್ತಲೇ ಇತ್ತಂತೆ. ಆಫ್ ಮಾಡಬೇಕು ಅಂತ ಯಾರಿಗೂ ಹೊಳೆಯಲಿಲ್ಲ.

ದಿನಕರ್ಮಗಳು ಮುಗಿದ ಮೇಲೆ ಮಾವ ನನ್ನನ್ನು ಕರೆದುಕೊಂಡು ಸಿಂಧನೂರಿನ ಆಸ್ಪತ್ರೆಗೆ ಹೋದ. ಗೋಡೆಯ ಮುಂದಿನ ಸಂದಿಯಲ್ಲಿ ಬಲಗಾಲು ತೂರಿಸಿ ಹೇಗೋ ಎರಡೂ ಕಡೆ ಕಾಲು ಹಾಕಿ ಕೂತಿದ್ದೆ. ಅತ್ತೆಯ ಪಕ್ಕದ ಹಾಸಿಗೆಗೆ ಬರುತ್ತಿದ್ದ ಆರ್.ಎಚ್. ಕ್ಯಾಂಪ್ ಅನ್ನುವ ನಿರಾಶ್ರಿತರ ಕಾಲನಿಯ ಬಂಗಾಳಿ ಹೆಂಗಸೊಬ್ಬಳಿದ್ದಳು. ಅವಳ ಗಂಡನೂ ಅವಳನ್ನು ಬೈಕಿನಲ್ಲೇ ಕರೆತರುತ್ತಿದ್ದ. ಅವನ ಹೆಂಡತಿ ಒಳಗಿದ್ದಾಗ, ಹೊರಗೆ ಬೇವಿನ ಗಿಡದ ನೆರಳಲ್ಲಿ ಎರಡೂ ಗಾಡಿ ನಿಲ್ಲಿಸಿಕೊಂಡು ಮಾವ ಗೋಡೆ, ಕನ್ನಡಿ, ಗಂಟೆ ಒಂದೊಂದೇ ಬಿಚ್ಚಿ ಅವನ ಗಾಡಿಗೆ ಕೂರಿಸಿದ. ಅವನು ದುಡ್ಡಿನ ಮಾತೆತ್ತಿದಾಗ ಮಾವ ಅವನ ಕೈಗೆ ಪಾನಾ ಕೊಟ್ಟು, ಆ ಕಡೆಯ ನಟ್ಟು ಹಿಡಿದುಕೋ ಅಂದ, ಅಷ್ಟೇ.

ವಾಪಸು ಹೊರಟೆವು. ಬಹಳ ದಿನದ ಮೇಲೆ ಗಾಡಿ ಗಾಡಿಯ ಹಾಗೆ ಕಾಣುತ್ತಿತ್ತು. ನಾನು ಎರಡೂ ಕಡೆ ಕಾಲು ಹಾಕಿ ಕೂತೆ. ಊರು ದಾಟುವುದರೊಳಗೆ ಗಾಡಿ ಆ ಕಡೆ ಈ ಕಡೆ ತೂಗಾಡತೊಡಗಿತು. ಮಾವ ಬದಿಗೆ ನಿಲ್ಲಿಸಿದ. ಬರುವಾಗಲೂ ಹೀಗೇ ಎಳೆಯುತ್ತಿತ್ತು, ಖಾಲಿ ಗೋಡೆಯ ಭಾರಕ್ಕಿರಬೇಕು ಅಂದುಕೊಂಡಿದ್ದನಂತೆ.

"ಲೇ ಅಳಿಯಾ, ಸಿಟ್ಟಾಗಬ್ಯಾಡ. ಒಂದ್ಕಡಿ ಕುಂದರ್ತೀಯೇನು?"

"ಯಾಕ ಮಾವಾ?"

"ನನ್ನ ಕೈಗೆ ಆಕಿ ವಜನೇ ರೂಢಿ ಆಗೈತಿ. ಬ್ಯಾರೆ ತರ ಕುಂತ್ರ ಹ್ಯಾಂಡಲ್ ನಿಂದ್ರವಲ್ದು."

ನಾನು, ಮೀಸೆ ಹೊತ್ತ, ಹೊಟ್ಟೆ ಬಂದ ಗಂಡಸು, ಎಡಕ್ಕೆ ಎರಡೂ ಕಾಲು ಬಿಟ್ಟುಕೊಂಡು ಮಾವನ ಹೆಗಲ ಮೇಲೆ ಕೈಯಿಟ್ಟು ಅಡ್ಡ ಕೂತೆ. ಕೊಯ್ಲಿಗೆ ಹೊರಟ ಟ್ರಾಕ್ಟರಿನ ಹೆಂಗಸರು ನಮ್ಮನ್ನು ನೋಡಿ ಬಿದ್ದು ಬಿದ್ದು ನಕ್ಕರು. ಗಾಡಿ ಮಾತ್ರ ದಾರ ಹಿಡಿದ ಹಾಗೆ ನೆಟ್ಟಗೆ ಹೊರಟಿತು.

ಸ್ವಲ್ಪ ದೂರ ಹೋದ ಮೇಲೆ ಮಾವ ಹಿಂದೆ ತಿರುಗದೆ, "ತಲಿ ತಿರುಗಿದ್ರ ಹೇಳು" ಅಂದ.

ನಾನು ಅವನ ಹೆಗಲ ಮೇಲಿನ ಕೈ ಸ್ವಲ್ಪ ಒತ್ತಿದೆ.

ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಯಾರಿಗಾಗಿ ಏನು ಕಟ್ಟಿದರು, ಏನು ಬಿಚ್ಚಿದರು, ಕೆಳಗೆ ಬರೆಯಿರಿ. ಉದ್ದವಾದರೂ ಪರವಾಗಿಲ್ಲ, ಕೂತು ಓದುತ್ತೇನೆ.