ಮಾವನ ಕಾರು, ಅತ್ತೆಯ ಕಾಲುಂಗುರ

ನನ್ನ ಸೋದರಮಾವನಷ್ಟು ಕಾರುಗಳಿರುವ ಮನುಷ್ಯ ಇಡೀ ಪಾಂಡವಪುರದಲ್ಲಿಲ್ಲ. ಹೊಟ್ಟೆ ಉರಿದುಕೊಳ್ಳಬೇಡಿ, ಅಷ್ಟೂ ಕಾರುಗಳು ಅತ್ತೆಯ ಮಂಚದ ಕೆಳಗೇ ನಿಲ್ಲುತ್ತವೆ! ಎಲ್ಲವೂ ರಿಮೋಟಿನಲ್ಲಿ ಓಡುವ ಹಳೇ ಕಾಲದ ಆಟದ ಕಾರುಗಳು. ಓಡುವ ಎಂದೆನೇ? ಓಡುತ್ತಿದ್ದ ಎನ್ನಬೇಕು. ಸತ್ತ ಕಾರುಗಳಿಗೆ ಜೀವ ಕೊಡುವುದೇ ಮಾವನ ಹುಚ್ಚು. ಹೊಟ್ಟೆಪಾಡಿಗೆ ಅಕ್ಕಸಾಲಿ ಕೆಲಸ. ನಾಗಮಂಗಲದಿಂದ ತಾಳಿ ಮಾಡಿಸಲು ಬಂದ ಬೀಗರನ್ನು ಕೂರಿಸಿ, ಚಿಮುಟದಲ್ಲಿ ಕಾರಿನ ಗೇರು ಹಿಡಿದು, "ಚೂರು ತಡೀರಿ, ಇದರ ಅಲ್ಲು ಮುರ್ದೋಗದೆ" ಎಂದ ಮಹಾನುಭಾವ!

ಶ್ರೀರಂಗಪಟ್ಟಣದ ಗುಜರಿ ಅಂಗಡಿಯ ಸಾಬರು ಫೋನ್ ಮಾಡುತ್ತಾರೆ. "ಆಚಾರ್ರೇ, ಒಂದು ಕಾರು ಬಂದೈತೆ. ಚಕ್ರ ಇಲ್ಲ, ಮೋಟ್ರು ಇಲ್ಲ, ರಿಮೋಟೂ ಇಲ್ಲ."

"ಯಾರ್ಗೂ ಕೊಟ್ಬುಡ್ಬ್ಯಾಡಿ ಸಾಬ್ರೇ, ಈಗ್ಲೇ ಬಂದೆ!"

ಏನೂ ಇಲ್ಲದ್ದನ್ನು ತರಲು ಇಷ್ಟು ಅವಸರ ಯಾಕೆ, ಹೇಳಿ? "ಈ ಸವತೀರ್ನ ನನ್ ಮಂಚದ ಕೆಳ್ಗೇ ಮನಗಿಸ್ಬೇಕಾ?" ಎಂದು ಅತ್ತೆ ದಿನವೂ ಪೊರಕೆ ಬಡಿಯುತ್ತಿದ್ದರು.

ಆಯುಧಪೂಜೆಗೆ ಒಂದೊಂದು ಕಾರಿಗೂ ಕುಂಕುಮ, ಹೂವು. ಚಕ್ರದಡಿ ಇಟ್ಟ ನಿಂಬೆಹಣ್ಣು ಚಕ್ರಕ್ಕಿಂತ ದಪ್ಪ! ಒಂದು ವರ್ಷ ಒಂದು ಕಾರು ರಿಮೋಟಿನ ಮಾತೂ ಕೇಳದೆ ನಿಂಬೆಹಣ್ಣನ್ನು ತಳ್ಳಿಕೊಂಡು ಬೀದಿಗೆ ಹೊರಟಿತು. "ಲೇ, ಇಡ್ಕಳ್ರಲಾ!" ಎಂದು ಹಿಂದೆ ಓಡಿದ ಮಾವನನ್ನು ಕಂಡು ಕ್ಯಾತನಹಳ್ಳಿಯ ಕಬ್ಬಿನ ಟ್ರಾಕ್ಟರು ನಿಂತೇಬಿಟ್ಟಿತು. ಮರುವರ್ಷದಿಂದ ನಿಂಬೆಹಣ್ಣಿನ ಬದಲು ದ್ರಾಕ್ಷಿ.

ಇದಕ್ಕೆಲ್ಲ ನಗಬಹುದು. ನಾನು ಬೆಚ್ಚಿಬಿದ್ದದ್ದು ಈಚೆಗೆ. ಅತ್ತೆ ಬಚ್ಚಲಲ್ಲಿ ಜಾರಿ ಬಲಗಾಲು ಮುರಿದುಕೊಂಡರು. ಮೊದಲಿನ ಹಾಗೆ ನಡೆಯುವುದು ಅನುಮಾನ ಎಂದರು ಡಾಕ್ಟರು. ಬೆರಳು ಊದಿದ್ದರಿಂದ ಆ ಕಾಲಿನ ಕಾಲುಂಗುರ ಕತ್ತರಿಸಿ ಮಾವನ ಕೈಗಿತ್ತರು. ಬೆಸೆಯುವುದು ಅಕ್ಕಸಾಲಿಗೆ ಎಷ್ಟು ಹೊತ್ತಿನ ಕೆಲಸ? ಮಲಗಿದಲ್ಲಿಂದ ಅತ್ತೆ ಕೇಳಿದಾಗಲೆಲ್ಲ ಮಾವ "ಆಯ್ತಾ ಅದೆ" ಎನ್ನುವರು. ಗಂಡ ಎದುರಿಗೇ ಕೂತಿರುವಾಗ ಬೋಳು ಬೆರಳು ನೋಡಿಕೊಂಡು ಅತ್ತೆಗೆ ಅನ್ನ ಸೇರದಾಯಿತು.

ತಡೆಯಲಾರದೆ ನಾನೇ ಕೇಳಿದೆ. ಮಾವ ಮಂಚದ ಕೆಳಗಿನಿಂದ ಕೆಂಪು ಕಾರೊಂದನ್ನು ಎಳೆದು ಹೊಟ್ಟೆ ಬಿಚ್ಚಿದರು. ಬ್ಯಾಟರಿ ಕೂರುವ ಕಡೆ ಬೆಳ್ಳಿಯ ಪಟ್ಟಿ ಹೊಳೆಯುತ್ತಿತ್ತು!

"ತಗಡು ತುಕ್ಕಿಡೀತದೆ ಕಣ್ಲಾ. ಬೆಳ್ಳಿಯಾದ್ರೆ ಕರೆಂಟು ಸಲೀಸಾಗಿ ಓಡ್ತದೆ. ಅವ್ಳಿಗೆ ಒಸ ಕಾಲುಂಗ್ರ ಮಾಡಿ ಇಕ್ಕಿವ್ನಿ. ಕೊಟ್ರೆ ಅಳೇದೆಲ್ಲಿ ಅಂತಾಳೆ, ಏನೇಳ್ಲಿ?"

ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂದು ಊರವರು ನಮ್ಮನ್ನು ಆಡಿಕೊಳ್ಳುವುದುಂಟು. ಆದರೆ ಮದುವೆಯಲ್ಲಿ ತಾನೇ ತೊಡಿಸಿದ ಕಾಲುಂಗುರವನ್ನು ಕಾರಿಗೆ ತಿನ್ನಿಸಿದ ಅಕ್ಕಸಾಲಿ ಎಲ್ಲಾದರೂ ಉಂಟೇ? "ಥೂ, ನೀವೇನ್ ಮನ್ಸರಾ ಮಾವ!" ಎಂದೆ.

ಮಂಚದ ಮೇಲೆ ಅತ್ತೆಗೆ ಎಲ್ಲ ಕೇಳಿಸಿತ್ತು. "ತತ್ತಾ ಆ ರಿಮೋಟ್ನ" ಎಂದು ಕೈ ಚಾಚಿದರು. ಎಸೆಯುತ್ತಾರೆಂದು ನಾನು ತಲೆ ಬಗ್ಗಿಸಿದೆ! ಎಸೆಯಲಿಲ್ಲ, ಗುಂಡಿ ಒತ್ತಿದರು. ಕಾರು ಗುರ್ರೆಂದು ನಡುಮನೆ ದಾಟಿ, ಅತ್ತೆ ಎಷ್ಟೋ ದಿನದಿಂದ ಕಾಲಿಡದ ಅಡುಗೆಮನೆಯನ್ನು ಒಂದು ಸುತ್ತು ಹಾಕಿ, ಮಂಚದ ಬಳಿಗೆ ವಾಪಸು ಬಂತು.

ಅತ್ತೆಯ ಕಣ್ಣು ತುಂಬಿತ್ತು. "ಬೋಯ್ಬ್ಯಾಡ ಬುಡಪ್ಪ. ನಾನ್ ಓಡಾಡ್ದಿದ್ರೂ ನನ್ ಕಾಲುಂಗ್ರ ಮನೆಯೆಲ್ಲಾ ಓಡಾಡ್ಕಂಡ್ ಬತ್ತಲ್ಲ."

ಆಮೇಲೆ ಸೆರಗಿನಲ್ಲಿ ಮೂಗೊರೆಸಿಕೊಂಡು, ತಲೆ ತಗ್ಗಿಸಿ ಕೂತಿದ್ದ ಮಾವನ ಕಡೆಗೆ ಎಡಗಾಲು ಚಾಚಿದರು.

"ಇದ್ನೂ ಬಿಚ್ಕಳಿ. ಒಂದೇ ಕಾಲಲ್ಲಿ ಅದಾದ್ರೂ ಎಷ್ಟು ದೂರ ಓಡಾದು?"